ಏಳು ರೀಲುಗಳ ಹಟ್ಟಿ

ರಾಯಚೂರು ಜಿಲ್ಲೆಯ ನಮ್ಮಂಥವರಿಗೆ ಹೈದರಾಬಾದು ಪರರಾಜ್ಯದ ಊರಾದದ್ದು 1956ರ ನವೆಂಬರ್ 1ರಂದು. ಅದಕ್ಕೂ ಮೊದಲು ಇದೇ ನಮ್ಮ ರಾಜಧಾನಿ. ಹೈಕೋರ್ಟು, ಕಾಲೇಜು, ದೊಡ್ಡಾಸ್ಪತ್ರೆ ಎಂದು ಜನ ಇಲ್ಲಿಗೇ ಬರುತ್ತಿದ್ದರು. ಬಂದವರಲ್ಲಿ ಕೆಲವರು ಕಾಚಿಗುಡದ ಆಸುಪಾಸಿನಲ್ಲಿ ನೆಲೆನಿಂತರು, ಕನ್ನಡ ಶಾಲೆ ಕಟ್ಟಿದರು, ಸಂಘ ಕಟ್ಟಿದರು. ಗಡಿ ಬದಲಾದಾಗ ಅವರು ಕೂತಲ್ಲೇ ಹೊರನಾಡ ಕನ್ನಡಿಗರಾದರು. ನಾನು ಬಂದದ್ದು ಬಹಳ ತಡವಾಗಿ, ಬ್ಯಾಂಕಿನ ವರ್ಗಾವಣೆಯ ಮೇಲೆ. ನಿವೃತ್ತನಾಗಿ ಇಲ್ಲೇ ಉಳಿದೆ. ಹಟ್ಟಿಯ ಮನೆ ಖಾಲಿ ಮಾಡಿದಾಗ ಬಂದ ಸಾಮಾನುಗಳಲ್ಲಿ ನಮ್ಮ ಕಾಕಾನ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರಲ್ಲಿ ಏಳು ಫಿಲ್ಮ್ ಸುರುಳಿಗಳು. ಅವುಗಳನ್ನು ಉಳಿಸಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಿನ್ನದ ಗಣಿ ಎಂದರೆ ಎಲ್ಲರಿಗೂ ಕೋಲಾರವೇ ನೆನಪಾಗುತ್ತದೆ. ಅದು 2001ರಲ್ಲಿ ಮುಚ್ಚಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಇನ್ನೂ ಚಿನ್ನ ಕೊಡುತ್ತಿದೆ. ಇಲ್ಲಿ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಜನ ಬಂಡೆಗೆ ಬೆಂಕಿ ಹಾಕಿ ಸೀಳಿ, ಆಳಕ್ಕೆ ಇಳಿದು ಅದಿರು ತೆಗೆದ ಗುರುತುಗಳಿವೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಒಂದು ಬ್ರಿಟಿಷ್ ಕಂಪನಿ ನಿಜಾಮರ ಅನುಮತಿಯಿಂದ ಗಣಿ ನಡೆಸಿ, 1920ರ ಹೊತ್ತಿಗೆ ಬಾಗಿಲು ಹಾಕಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಎಂಬ ಹೆಸರಿನಲ್ಲಿ ಕೆಲಸ ಮತ್ತೆ ಶುರುವಾಯಿತು. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಅದು ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು.

ಕಾಕಾ ಆ ಕಂಪನಿಯ ಆಫೀಸಿನಲ್ಲಿ ಲೆಕ್ಕಪತ್ರ ಬರೆಯುತ್ತಿದ್ದ. 1960ರ ದಶಕದಲ್ಲಿ ಹೈದರಾಬಾದಿಗೆ ಬಂದಾಗ ಆಬಿಡ್ಸ್‌ನಲ್ಲಿ ಯಾರೋ ಬಳಸಿ ಮಾರಿದ 8 ಎಂ.ಎಂ. ಕ್ಯಾಮೆರಾ ಕೊಂಡಿದ್ದನಂತೆ. ಕೀಲಿ ಕೊಟ್ಟು ಓಡಿಸುವಂಥದ್ದು. ಫಿಲ್ಮು ದುಬಾರಿ, ಸಿಗುವುದೂ ಕಷ್ಟ. ಆದ್ದರಿಂದ ಹತ್ತು ವರ್ಷಗಳಲ್ಲಿ ಅವನು ತೆಗೆದದ್ದು ಏಳೇ ಸುರುಳಿ. ಮನೆಯವರ ಮದುವೆ, ಕಾಲೊನಿಯ ಗಣಪತಿ, ಪಾಳಿ ಬಿಡುವ ಹೊತ್ತು, ಅದಿರು ಒಡೆಯುವ ಶೆಡ್ಡಿನ ಹೊರಗಿನ ಅಂಗಳ. ಹೆಚ್ಚಿನವು ಕಪ್ಪು-ಬಿಳುಪು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಮೂಡಿಸುವುದು ಬೆಳ್ಳಿಯ ಕಣಗಳು. ಚಿನ್ನದೂರಿನ ಜನ ಬೆಳ್ಳಿಯಲ್ಲಿ ಉಳಿದಿದ್ದರು.

ಉಳಿದಿದ್ದರೇನೋ ನಿಜ, ಆದರೆ ಡಬ್ಬಿಯ ಮುಚ್ಚಳ ತೆಗೆದೊಡನೆ ಉಪ್ಪಿನಕಾಯಿ ಕೆಟ್ಟಂಥ ಹುಳಿ ವಾಸನೆ ಮೂಗಿಗೆ ಬಡಿಯಿತು. ಇದಕ್ಕೆ ವಿನಿಗರ್ ಸಿಂಡ್ರೋಮ್ ಎಂದು ಹೆಸರು. ಆ ಕಾಲದ ಫಿಲ್ಮಿನ ಪಟ್ಟಿಯನ್ನು ಅಸಿಟೇಟ್ ಎಂಬ ವಸ್ತುವಿನಿಂದ ಮಾಡುತ್ತಿದ್ದರು. ಬಿಸಿಲೂರಿನ ಸೆಕೆಗೆ, ಮಳೆಗಾಲದ ತೇವಕ್ಕೆ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಬಿಟ್ಟ ಆಮ್ಲವೇ ಉಳಿದ ಭಾಗವನ್ನು ಇನ್ನಷ್ಟು ಬೇಗ ಒಡೆಯುತ್ತದೆ. ಬ್ಯಾಂಕಿನವರ ಭಾಷೆಯಲ್ಲಿ ಹೇಳುವುದಾದರೆ ಚಕ್ರಬಡ್ಡಿ. ಪಕ್ಕದ ಸುರುಳಿಗೂ ಅಂಟುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಏಳನ್ನೂ ಒಟ್ಟಿಗೆ ಇಟ್ಟರೆ ಬಡ್ಡಿ ಇನ್ನೂ ಜಾಸ್ತಿ. ಕೊನೆಗೆ ಫಿಲ್ಮು ಕುಗ್ಗುತ್ತದೆ, ಸುರುಟಿಕೊಳ್ಳುತ್ತದೆ, ಮುಟ್ಟಿದರೆ ಮುರಿಯುತ್ತದೆ.

1990ರ ದಶಕದಲ್ಲಿ ಕಾಕಾ ಬದುಕಿದ್ದಾಗಲೇ ಇವನ್ನು ಒಮ್ಮೆ ವಿಡಿಯೋ ಕ್ಯಾಸೆಟ್ಟಿಗೆ ಹಾಕಿಸಿದ್ದೆವು. ಮದುವೆ ವಿಡಿಯೋ ಮಾಡುವ ಒಂದು ಅಂಗಡಿಯವರು ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಟ್ಟು, ಎದುರಿಗೆ ವಿಡಿಯೋ ಕ್ಯಾಮೆರಾ ಇಟ್ಟು ಹಿಡಿದುಕೊಟ್ಟರು. ಚಿತ್ರ ಮಿಣಮಿಣ ಎನ್ನುತ್ತಿತ್ತು. ಓಡುವ ವೇಗ ಹೆಚ್ಚಾಗಿ, ಗಣಪತಿ ಹೊತ್ತವರು ಬೆಂಕಿ ಬಿದ್ದವರ ಹಾಗೆ ಓಡುತ್ತಿದ್ದರು. ನಾಲ್ಕೂ ಅಂಚುಗಳು ಕತ್ತರಿಸಿಹೋಗಿದ್ದವು. ಆ ಕ್ಯಾಸೆಟ್ಟೂ ಈಗ ಬೂಷ್ಟು ಹಿಡಿದಿದೆ.

ಈ ಸಲ ಮಾಡಿಸಿದ್ದು ಸ್ಕ್ಯಾನಿಂಗ್. ಹೈದರಾಬಾದು ಸಿನಿಮಾದ ಊರು, ಆ ಕೆಲಸ ಬಲ್ಲವರು ಹುಡುಕಿದರೆ ಸಿಗುತ್ತಾರೆ. ಹಲ್ಲಿನ ಗಾಲಿ ಇರುವ ಪ್ರೊಜೆಕ್ಟರಿಗೆ ಕುಗ್ಗಿದ ಫಿಲ್ಮು ಹಾಕಿದರೆ ಅಂಚಿನ ತೂತುಗಳು ಹರಿಯುತ್ತವೆ. ಸ್ಕ್ಯಾನರಿನಲ್ಲಿ ನುಣುಪಾದ ರೋಲರುಗಳು ಮೆಲ್ಲಗೆ ಎಳೆಯುತ್ತವೆ, ಒಂದೊಂದು ಚೌಕಕ್ಕೂ ಒಂದೊಂದು ಫೋಟೋ ತೆಗೆಯುತ್ತಾರೆ. ಲೆಕ್ಕ ನೋಡಿ: 8 ಎಂ.ಎಂ. ಫಿಲ್ಮಿನ ಒಂದು ಅಡಿಗೆ 80 ಚಿತ್ರ. 50 ಅಡಿಯ ಸುರುಳಿಗೆ 4,000. ಸೆಕೆಂಡಿಗೆ 16ರಂತೆ ಓಡಿಸಿದರೆ ನಾಲ್ಕು ನಿಮಿಷ ಹತ್ತು ಸೆಕೆಂಡು. ಏಳು ಸುರುಳಿಗೆ 28,000 ಚಿತ್ರ, ಒಟ್ಟು ಅರ್ಧ ಗಂಟೆಗೆ ಒಂದು ನಿಮಿಷ ಕಡಿಮೆ. ಒಂದು ಸುರುಳಿಯ ಕೊನೆಯ ಭಾಗ ಅಂಟಿಕೊಂಡು ಬಿಡಿಸಲಾಗಲಿಲ್ಲ. ಅದು ಹೋಯಿತು.

ಅಂಚುಗಳು ಮರಳಿ ಬಂದವು. ಕಾಕಾ ತೆಗೆದದ್ದು ತನ್ನವರನ್ನು, ಆಫೀಸಿನ ಗೆಳೆಯರನ್ನು. ಅವರು ಚಿತ್ರದ ನಡುವೆ ನಿಂತಿದ್ದಾರೆ. ಅಂಚಿನಲ್ಲಿ, ಹಳೆಯ ಕ್ಯಾಸೆಟ್ಟಿನಲ್ಲಿ ಕಾಣದೇ ಹೋದ ಜಾಗದಲ್ಲಿ, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡ ಪಾಳಿಯ ಆಳುಗಳು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು, ಕ್ಯಾಮೆರಾ ಕಂಡು ನಿಂತ ಹುಡುಗರು.

ಸ್ಕ್ಯಾನ್ ಆದ ಮೇಲೆ ಸ್ವಚ್ಛಗೊಳಿಸುವ ಕೆಲಸ. ಅದಕ್ಕೆ ಕಂಪ್ಯೂಟರಿನಲ್ಲಿ ಒಂದು ವಿಧಾನವಿದೆ. ಪ್ರತಿ ಚಿತ್ರವನ್ನೂ ಅದರ ಹಿಂದಿನ, ಮುಂದಿನ ಚಿತ್ರಗಳಿಗೆ ಹೋಲಿಸಿ, ಒಂದರಲ್ಲಿ ಮಾತ್ರ ಇರುವ ಚುಕ್ಕೆಯನ್ನು ಕಸವೆಂದು ತಿಳಿದು ಅಳಿಸಿಬಿಡುತ್ತದೆ. ಮದುವೆಯ ಸುರುಳಿ ಅದರಿಂದ ಕನ್ನಡಿಯ ಹಾಗಾಯಿತು. ಶೆಡ್ಡಿನ ಅಂಗಳದ ಸುರುಳಿಯನ್ನೂ ಹಾಗೇ ತೊಳೆದು ಕೊಟ್ಟರು. ಶೆಡ್ಡಿನ ಕಪ್ಪು ಬಾಗಿಲು, ಬಿಸಿಲು, ಅಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತ ಒಬ್ಬ ಮನುಷ್ಯ. ನನಗೆ ಚೆನ್ನಾಗಿಯೇ ಕಂಡಿತು. ಎಂಬತ್ತು ದಾಟಿದ ಕಾಕುಗೆ ತೋರಿಸಿದೆ. ಮೊದಲಿನ ತೊಳೆಯದ ಪ್ರತಿಯನ್ನೂ ತೋರಿಸಿದೆ. ಅದರಲ್ಲಿ ಬಾಗಿಲ ಮುಂದೆಲ್ಲ ಬಿಳಿ ಚುಕ್ಕೆಗಳು ಕುಣಿಯುತ್ತಿದ್ದವು.

"ಅಲ್ಲೋ ತಮ್ಮಾ, ಅದು ಫಿಲಮಿನ ಕಸ ಅಲ್ಲ, ಗಣಿ ಧೂಳ. ಒಗದ ಅರಿವಿ ಒಣಗೋದ್ರಾಗ ಬೂದಿ ಬಣ್ಣ ಆಗ್ತಿದ್ವು. ಧೂಳ ತೆಗದು ಹಾಕಿದ್ರ ಆ ಮನಷ್ಯಾ ಮೂಗಿಗೆ ಅರಿವಿ ಯಾಕ ಕಟ್ಟಿಗೊಂಡಾನ ಅಂತ ನೋಡಿದ ಮಂದಿಗೆ ಹೆಂಗ ತಿಳೀಬೇಕು?"

ಹಟ್ಟಿಯ ಚಿನ್ನ ಬಿಳಿಗಲ್ಲಿನ ಪದರಗಳ ಜೊತೆ ಇರುತ್ತದೆ. ಟನ್ನುಗಟ್ಟಲೆ ಕಲ್ಲನ್ನು ಒಡೆದು ಹಿಟ್ಟು ಮಾಡಿದರೆ ಸಿಗುವುದು ಕೆಲವೇ ಗ್ರಾಂ. ಆ ಹಿಟ್ಟಿನ ಸಣ್ಣ ಕಣ ಪುಪ್ಪುಸಕ್ಕೆ ಹೋದರೆ ಅಲ್ಲೇ ಕೂತು ಗಾಯ ಮಾಡುತ್ತದೆ. ಅದೇ ಸಿಲಿಕೋಸಿಸ್. ವಾಸಿಯಾಗದ ಕಾಯಿಲೆ, ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ. ಕೋಲಾರದ ಗಣಿಗಳಲ್ಲಿ 1940ರ ದಶಕದಲ್ಲೇ ಇದರ ಸಮೀಕ್ಷೆ ನಡೆದಿತ್ತು. ಕಂಪನಿಗಳ ವರದಿಯಲ್ಲಿ ಎಷ್ಟು ಟನ್ ಅದಿರು, ಎಷ್ಟು ಕಿಲೋ ಚಿನ್ನ ಎಂಬುದು ಸಿಗುತ್ತದೆ. ಅಂಗಳದ ಗಾಳಿ ಹೇಗಿತ್ತು ಎಂಬುದಕ್ಕೆ ನಮ್ಮ ಮನೆಯಲ್ಲಿರುವ ಸಾಕ್ಷಿ ಈ ನಾಲ್ಕು ನಿಮಿಷ ಮಾತ್ರ. ಹಾಗಾಗಿ ಆ ಸುರುಳಿಯನ್ನು ಮತ್ತೆ ಮಾಡಿಸಿದೆ. ಉದ್ದಗೀರುಗಳನ್ನು ಮಾತ್ರ ತೆಗೆಯಿರಿ, ಚುಕ್ಕೆ ಮುಟ್ಟಬೇಡಿ ಎಂದೆ. ಕೆಲಸ ಮಾಡುವ ತೆಲುಗು ಹುಡುಗನಿಗೆ ಮೊದಲು ವಿಚಿತ್ರವೆನಿಸಿತು. ಕಾಕು ಹೇಳಿದ್ದನ್ನು ತಿಳಿಸಿದ ಮೇಲೆ ಅವನೇ ಒಂದೊಂದು ಚಿತ್ರ ನೋಡಿ, ಫಿಲ್ಮಿನ ಮೇಲಿನ ಕಸ ಯಾವುದು, ಗಾಳಿಯಲ್ಲಿನ ಧೂಳು ಯಾವುದು ಎಂದು ಆದಷ್ಟು ಬೇರ್ಪಡಿಸಿಕೊಟ್ಟ.

ಸಿನಿಮಾಗಳನ್ನು ಕಾಪಾಡಲು ನಮ್ಮ ದೇಶದಲ್ಲಿ 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿತು. ಅಲ್ಲಿಯೂ 2003ರ ಬೆಂಕಿಯಲ್ಲಿ ಹಳೆಯ ನೈಟ್ರೇಟ್ ಫಿಲ್ಮುಗಳು ಸುಟ್ಟುಹೋದವು. ಮನೆಮಂದಿ ತೆಗೆದ ಫಿಲ್ಮುಗಳಿಗೆ ಅಷ್ಟು ಗಮನವೂ ಸಿಕ್ಕಿಲ್ಲ. ಹೊರದೇಶಗಳಲ್ಲಿ 2000ದ ದಶಕದ ಆರಂಭದಿಂದ ಹೋಮ್ ಮೂವಿ ಡೇ ಎಂದು ಆಚರಿಸಿ, ಜನ ತಮ್ಮ ಅಟ್ಟದ ಸುರುಳಿಗಳನ್ನು ತಂದು ಒಟ್ಟಿಗೆ ನೋಡುತ್ತಾರೆ. ನಮ್ಮಲ್ಲಿ ಅಟ್ಟ ಖಾಲಿ ಮಾಡುವ ದಿನ ಅವು ಗುಜರಿಗೆ ಹೋಗುತ್ತವೆ.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಹಳೆಯ ಪ್ರೊಜೆಕ್ಟರಿಗೆ ಹಾಕಲು ಹೋಗಬೇಡಿ. ವಾಸನೆ ಬರುವುದನ್ನು ಬೇರೆ ಇಡಿ. ತಂಪಾದ, ಒಣಗಿದ, ಸ್ವಲ್ಪ ಗಾಳಿಯಾಡುವ ಜಾಗ ಬೇಕು. ಸ್ಕ್ಯಾನ್ ಮಾಡಿಸಿದ ಮೇಲೂ ಮೂಲ ಸುರುಳಿ ಬಿಸಾಡಬೇಡಿ. ತೊಳೆಯದ ಪ್ರತಿಯನ್ನು ತಪ್ಪದೆ ಕೇಳಿ ಪಡೆಯಿರಿ.

ಇನ್ನೊಂದು ಕೆಲಸವಿದೆ, ಅದಕ್ಕೆ ಯಂತ್ರವಿಲ್ಲ. ಹಟ್ಟಿಗೆ ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ ಒಂದು ಬಂಡೆ ಶಾಸನ ಬಿತ್ತು. ಅಷ್ಟರವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿತ್ತು. ಮಸ್ಕಿಯಲ್ಲಿ ಅದರ ಜೊತೆ ‘ಅಶೋಕ’ ಎಂಬ ಹೆಸರೂ ಇತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಸಂಪಾದಿಸಿದರು, ನಿಜಾಮರ ಪುರಾತತ್ವ ಇಲಾಖೆ ಪ್ರಕಟಿಸಿತು. ಚಕ್ರವರ್ತಿಗೇ ಹೆಸರು ಕೂಡಿಬರಲು ಅಷ್ಟು ಕಾಲ ಬೇಕಾಯಿತು. ನಮ್ಮ ಸುರುಳಿಗಳ ಅಂಚಿನಲ್ಲಿ ನಿಂತವರಿಗೆ ಬಿರುದೂ ಇಲ್ಲ, ಬಂಡೆಯೂ ಇಲ್ಲ. ನೆನಪಿರುವವರು ಇರುವಷ್ಟು ದಿನ ಮಾತ್ರ ಅವರ ಹೆಸರು. ಆದ್ದರಿಂದ ನಾನೊಂದು ಲೆಡ್ಜರ್ ತೆರೆದಿದ್ದೇನೆ. ಸುರುಳಿಯ ಸಂಖ್ಯೆ, ನಿಮಿಷ, ಸೆಕೆಂಡು, ಎಡದಿಂದ ಎಷ್ಟನೆಯವರು, ಹೆಸರು. ಕಾಕು ಹೇಳುತ್ತಾಳೆ, ನಾನು ಬರೆಯುತ್ತೇನೆ. ಹಟ್ಟಿಯ ಹಳಬರಿಗೂ ಫೋಟೋ ಕಳಿಸಿ ಕೇಳುತ್ತಿದ್ದೇನೆ. ಮೂಗಿಗೆ ಬಟ್ಟೆ ಕಟ್ಟಿಕೊಂಡವನ ಸಾಲು ಇನ್ನೂ ಖಾಲಿ ಇದೆ.