ಏಕಾಂತದ ಬೆಲೆ: ಖಾಸಗಿ ವೀಕ್ಷಣೆಯ ವ್ಯಾಪಾರ ನಡೆದುಬಂದ ದಾರಿ

ಚಲಚ್ಚಿತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ನಿರ್ಮಾಪಕ, ನಿರ್ದೇಶಕ, ನಟರ ಕಡೆಗೆ ದೃಷ್ಟಿ ಹರಿಸುವರು. ನೋಡುವವನು ಎಲ್ಲಿ ಕುಳಿತು ನೋಡಿದನು, ಯಾರ ಜೊತೆಯಲ್ಲಿ ನೋಡಿದನು, ಅದಕ್ಕಾಗಿ ಯಾರಿಗೆ ಹಣ ತೆತ್ತನು ಎಂಬ ಪ್ರಶ್ನೆಗಳು ಹಿಂದೆಯೇ ಉಳಿಯುತ್ತವೆ. ವಯಸ್ಕರಿಗೆ ಮಾತ್ರ ಸಲ್ಲುವ ಚಿತ್ರಗಳ ವಿಷಯದಲ್ಲಂತೂ ಈ ಪ್ರಶ್ನೆಗಳೇ ಪ್ರಧಾನವಾದುವು. ಅಂತಹ ಚಿತ್ರಗಳನ್ನು ಮೊಬೈಲ್ ಫೋನಿನಲ್ಲಿ ಒಬ್ಬನೇ ನೋಡುವ ರೂಢಿಯಿಂದ ದೊಡ್ಡ ವ್ಯಾಪಾರ ಬೆಳೆಯುವುದೆಂಬ ಮಾತು ಈ ಶತಮಾನದ ಆರಂಭದಿಂದ ಕೇಳಿಬಂದಿದೆ. ಆ ವ್ಯಾಪಾರದ ಲಾಭ ಯಾರಿಗೆ ಸಂದಿತು, ನಷ್ಟ ಯಾರ ಪಾಲಿಗೆ ಬಂದಿತು ಎಂಬುದನ್ನು ಶ್ರೀರಂಗಪಟ್ಟಣ ಸೀಮೆಯ ಹಳ್ಳಿಯ ನೆಲೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬಾಬುರಾಯನಕೊಪ್ಪಲು ಎಂಬ ಹೆಸರಿನಲ್ಲಿಯೇ ಊರಿನ ಸ್ವರೂಪವಡಗಿದೆ. ಕೊಪ್ಪಲು ಎಂದರೆ ಒತ್ತೊತ್ತಾಗಿ ಮನೆಗಳು ಸೇರಿದ ಸಣ್ಣ ಊರು. ಒಂದು ಮನೆಯ ಮಾತು ಪಕ್ಕದ ಜಗಲಿಗೆ ಕೇಳಿಸುವ ಇಂತಹ ಊರುಗಳಲ್ಲಿ ಏಕಾಂತವೆಂಬುದು ಅಪರೂಪದ ವಸ್ತು. ಅಪರೂಪವಾದುದಕ್ಕೆ ಬೆಲೆ ಬರುವುದು ವಾಣಿಜ್ಯದ ಸಹಜ ನಿಯಮ. ಮುಂದೆ ಹೇಳುವ ಇತಿಹಾಸದ ಕೀಲಿ ಇಲ್ಲಿದೆ.

ಹಳ್ಳಿಗಾಡಿಗೆ ಸಿನಿಮಾ ಬಂದುದು ಟೆಂಟಿನ ಮೂಲಕ. ನೆಲ, ಬೆಂಚು, ಕುರ್ಚಿ ಎಂದು ದರ ಬೇರೆಬೇರೆಯಾಗಿದ್ದರೂ ನೋಟವು ಎಲ್ಲರಿಗೂ ಸಾಮಾನ್ಯವಾಗಿತ್ತು. ೧೯೫೨ರ ಚಲಚ್ಚಿತ್ರ ಕಾಯಿದೆಯು ವಯಸ್ಕರ ಚಿತ್ರಗಳಿಗೆ 'ಎ' ಪ್ರಮಾಣಪತ್ರವನ್ನು ವಿಧಿಸಿತು. ೧೯೬೪ರ ಸಿನಿಮಾ ನಿಯಂತ್ರಣ ಕಾಯಿದೆಯು ನಮ್ಮ ರಾಜ್ಯದಲ್ಲಿ ಪ್ರದರ್ಶನದ ಸ್ಥಳಕ್ಕೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಆದರೆ ಈ ಎರಡು ಕಾಯಿದೆಗಳಿಗಿಂತ ಬಲವಾದ ಕಾವಲು ನೆರೆಯವರ ಕಣ್ಣು. ಟಿಕೆಟ್ಟಿನ ಸಾಲಿನಲ್ಲಿ ನಿಂತವನನ್ನು ಊರೇ ಗುರುತಿಸುತ್ತಿತ್ತು. ಹದಿನೈದು ಕಿಲೋಮೀಟರು ದೂರದ ಮೈಸೂರಿನ ಚಿತ್ರಮಂದಿರದಲ್ಲಾದರೋ ಯಾರೂ ಯಾರನ್ನೂ ಅರಿಯರು. ಅಲ್ಲಿಗೆ ಹೋಗುವವನು ಟಿಕೆಟ್ಟಿನ ಮೇಲೆ ಬಸ್ಸಿನ ದರವನ್ನೂ ತೆರಬೇಕಾಗಿತ್ತು. ಆ ಹೆಚ್ಚಿನ ಹಣವನ್ನೇ ಏಕಾಂತದ ಮೊದಲ ಬೆಲೆಯೆಂದು ಎಣಿಸಬಹುದು.

೧೯೮೨ರ ಏಷ್ಯನ್ ಕ್ರೀಡಾಕೂಟದ ಕಾಲದಲ್ಲಿ ಬಣ್ಣದ ದೂರದರ್ಶನವು ಹರಡಿತು. ಅದರ ಬೆನ್ನಿಗೆ ವಿಡಿಯೋ ಕ್ಯಾಸೆಟ್ಟೂ ಬಂದಿತು. ಪಟ್ಟಣಗಳಲ್ಲಿ ವಿಡಿಯೋ ಪಾರ್ಲರುಗಳು ತೆರೆದವು. ಕ್ಯಾಸೆಟ್ಟುಗಳು ಬಾಡಿಗೆಗೆ ಸಿಕ್ಕತೊಡಗಿದವು. ಪ್ರಮಾಣಪತ್ರವೇ ಇಲ್ಲದ 'ನೀಲಿ ಚಿತ್ರ'ಗಳು ಇಂತಹ ಕೋಣೆಗಳಲ್ಲಿಯೂ ನೋಡುಗರನ್ನು ಕಂಡವು. ಜನಜಂಗುಳಿ ಕರಗಿ, ನಾಲ್ಕಾರು ಮಂದಿಯ ಗುಟ್ಟಾಗಿ ನೋಟವು ಕುಗ್ಗಿತು. ಅಂಗಡಿಯವನು ಮಾತ್ರ ಇನ್ನೂ ಎಲ್ಲರನ್ನೂ ಬಲ್ಲವನಾಗಿದ್ದನು.

ಮೆಮೊರಿ ಕಾರ್ಡು ಅಗ್ಗವಾದ ಮೇಲೆ ಈ ವ್ಯವಹಾರ ಮೊಬೈಲ್ ರಿಪೇರಿ ಅಂಗಡಿಗೆ ಸ್ಥಳಾಂತರವಾಯಿತು. ಹಾಡು, ಸಿನಿಮಾಗಳೊಂದಿಗೆ ಬೇರೆ ದೃಶ್ಯಗಳನ್ನೂ ಕಂಪ್ಯೂಟರಿನಿಂದ ಕಾರ್ಡಿಗೆ ತುಂಬಿಕೊಡುವ ಪದ್ಧತಿ ದೇಶದಾದ್ಯಂತ ಸಣ್ಣ ಊರುಗಳಲ್ಲಿ ನಡೆಯಿತು. ಅಂತರಜಾಲ ದುಬಾರಿಯಾಗಿದ್ದುದರಿಂದಲೇ ಈ ಕಸುಬು ಬದುಕಿತ್ತು. ಖಾಸಗಿ ವೀಕ್ಷಣೆಯ ಹಣವು ಸ್ಥಳೀಯ ಅಂಗಡಿಯಲ್ಲಿ ಉಳಿದುದು ಇದೇ ಕೊನೆಯ ಬಾರಿ ಎನ್ನಬಹುದು.

ಈ ಅವಧಿಯಲ್ಲಿ ಹೊರಜಗತ್ತಿನ ನಿರೀಕ್ಷೆ ದೊಡ್ಡದಾಗಿತ್ತು. ೧೯೯೯ರಲ್ಲಿ ಜಪಾನಿನ ಡೊಕೊಮೊ ಕಂಪನಿಯು ಆರಂಭಿಸಿದ ಐ-ಮೋಡ್ ಸೇವೆಯು, ಫೋನಿನ ಬಿಲ್ಲಿನ ಮೂಲಕವೇ ಸಣ್ಣ ಮೊತ್ತಗಳನ್ನು ವಸೂಲು ಮಾಡಿ ಶೇಕಡ ೯ರಷ್ಟನ್ನು ತಾನಿರಿಸಿಕೊಳ್ಳುವ ಮಾರ್ಗವನ್ನು ತೋರಿಸಿತು. ಸದಾ ಜೇಬಿನಲ್ಲಿರುವ ತೆರೆ, ಸುಲಭವಾದ ಪಾವತಿ, ಒಬ್ಬನೇ ನೋಡುಗ: ಈ ಮೂರು ಕೂಡಿದರೆ ವಯಸ್ಕರ ಚಿತ್ರಗಳಿಗೆ ಗಿರಾಕಿಗಳು ಧಾರಾಳವಾಗಿ ಹಣ ತೆರುವರೆಂದು ಊಹಿಸಲಾಯಿತು. ಊಹೆ ಎರಡು ಕಡೆ ತಪ್ಪಿತು. ಮೊದಲನೆಯದಾಗಿ, ಫೋನಿನ ಬಾಗಿಲನ್ನು ಕಾಯುವ ಕಂಪನಿಗಳು ತಮ್ಮ ಹೆಸರಿಗೆ ಹೆದರಿದವು. ೨೦೧೦ರಲ್ಲಿ ಆಪಲ್ ತನ್ನ ಮಳಿಗೆಯಿಂದ ಲೈಂಗಿಕ ಸ್ವರೂಪದ ಸಾವಿರಾರು ಆ್ಯಪುಗಳನ್ನು ತೆಗೆದುಹಾಕಿತು. ಎರಡನೆಯದಾಗಿ, ೨೦೦೭ರಿಂದೀಚೆಗೆ ಜಾಹೀರಾತಿನಿಂದ ನಡೆಯುವ ಉಚಿತ ತಾಣಗಳು ಪುಕ್ಕಟೆಯಾಗಿ ಚಿತ್ರಗಳನ್ನು ಒದಗಿಸಿದವು.

ನಮ್ಮಲ್ಲಿ ನಿರ್ಣಾಯಕವಾದ ತಿರುವು ೨೦೧೬ರ ಸೆಪ್ಟೆಂಬರ್ ೫ರಂದು ಜಿಯೋ ಸೇವೆ ಆರಂಭವಾದುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಲೆಕ್ಕದಂತೆ ೨೦೧೪ರಲ್ಲಿ ಒಂದು ಜಿಬಿ ಡೇಟಾದ ಸರಾಸರಿ ಬೆಲೆ ಸುಮಾರು ೨೬೯ ರೂಪಾಯಿ. ೨೦೧೮ರ ವೇಳೆಗೆ ಅದು ೧೨ ರೂಪಾಯಿಗೂ ಕೆಳಗಿಳಿಯಿತು. ಕಾರ್ಡು ತುಂಬುವ ಕಸುಬಿನ ಆಧಾರ ಇದರಿಂದ ಕುಸಿಯಿತು. ಕೊಪ್ಪಲಿನ ನೋಡುಗನು ತೆರುವ ಹಣ ಈಗ ಡೇಟಾ ಮಾರುವ ಕಂಪನಿಗೂ, ಅವನ ಗಮನದ ಬೆಲೆ ಸಾಗರದಾಚೆಯ ಜಾಹೀರಾತುದಾರನಿಗೂ ಸಲ್ಲುತ್ತದೆ. ದೇಶೀಯ ಪ್ರಯತ್ನಗಳೂ ಇಲ್ಲದಿಲ್ಲ. ೨೦೨೪ರಲ್ಲಿ ಷೇರು ಮಾರುಕಟ್ಟೆಗೆ ಬರಲು ಕರಡು ಪತ್ರ ಸಲ್ಲಿಸಿದ ಉಲ್ಲು ಸಂಸ್ಥೆಯ ಆ್ಯಪು, ೨೦೨೫ರ ಜುಲೈಯಲ್ಲಿ ಕೇಂದ್ರ ಸರ್ಕಾರವು ತಡೆಹಿಡಿದ ೨೫ ವೇದಿಕೆಗಳ ಪಟ್ಟಿಯಲ್ಲಿ ಸೇರಿತು. ಒಂದೇ ಆಜ್ಞೆಯಿಂದ ಮುಚ್ಚಿಹೋಗಬಲ್ಲ ಅಂಗಡಿಗೆ ಬಂಡವಾಳ ಹೂಡುವವರು ಈ ಸಂಗತಿಯನ್ನು ಮರೆಯಲಾಗದು.

ಇನ್ನು ಕಾನೂನಿನ ವಿಚಾರ. ಭಾರತೀಯ ದಂಡಸಂಹಿತೆಯ ೨೯೨ನೆಯ ವಿಧಿಯು ಮಾರಾಟ, ಹಂಚಿಕೆ, ಪ್ರದರ್ಶನಗಳನ್ನು ದಂಡಿಸುತ್ತಿತ್ತು; ೨೦೨೪ರ ಜುಲೈ ೧ರಿಂದ ಅದರ ಸ್ಥಾನದಲ್ಲಿ ನ್ಯಾಯಸಂಹಿತೆಯ ೨೯೪ನೆಯ ವಿಧಿ ಜಾರಿಯಲ್ಲಿದೆ. ವಯಸ್ಕನು ತನ್ನಷ್ಟಕ್ಕೆ ನೋಡುವುದನ್ನು ಈ ವಿಧಿಗಳು ಅಪರಾಧವೆಂದು ಹೇಳಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು. ಆದರೆ ಫೋನು ಎಲ್ಲಿ ಹೋದರೂ ಖಾಸಗಿತನ ಅದರ ಹಿಂದೆ ಹೋಗುವುದಿಲ್ಲ. ೨೦೧೨ರ ಫೆಬ್ರವರಿಯಲ್ಲಿ ವಿಧಾನಸಭೆಯ ಕಲಾಪದ ನಡುವೆ ಫೋನಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪದ ಮೇಲೆ ಮೂವರು ಸಚಿವರು ರಾಜೀನಾಮೆ ನೀಡಬೇಕಾಯಿತು. ಮಕ್ಕಳನ್ನು ಬಳಸಿದ ದೃಶ್ಯಗಳ ವಿಷಯದಲ್ಲಿ ಏಕಾಂತದ ವಾದವೇ ನಿಲ್ಲದು. ೨೦೨೪ರ ಜುಲೈಯಲ್ಲಿ ನಮ್ಮ ಉಚ್ಚ ನ್ಯಾಯಾಲಯವು ಅಂತಹ ವೀಕ್ಷಣೆ ಅಪರಾಧವಲ್ಲವೆಂದು ಮೊದಲು ಹೇಳಿ, ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೭ಬಿ ವಿಧಿಯನ್ನು ಮತ್ತೆ ಪರಿಶೀಲಿಸಿ, ಅದೇ ತಿಂಗಳಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡಿತು.

ಇಲ್ಲಿಯವರೆಗೆ ನೋಡುವವನ ಏಕಾಂತದ ಮಾತಾಯಿತು. ತೆರೆಯ ಮೇಲಿರುವವರಿಗೂ ಏಕಾಂತವುಂಟೆಂಬುದನ್ನು ವ್ಯಾಪಾರದ ಲೆಕ್ಕಪತ್ರ ನಮೂದಿಸುವುದಿಲ್ಲ. ೨೦೨೪ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ, ಮಂಡ್ಯಕ್ಕೆ ನೆರೆಯಾದ ಹಾಸನ ಜಿಲ್ಲೆಯಲ್ಲಿ ಪೆನ್‌ಡ್ರೈವುಗಳು ಹರಡಿದವು. ಅನೇಕ ಮಹಿಳೆಯರ ಮಾನವು ಫೋನಿನಿಂದ ಫೋನಿಗೆ ಸಾಗಿತು. ಪ್ರಕರಣವು ನ್ಯಾಯಾಲಯಕ್ಕೆ ಹೋಗಿ ೨೦೨೫ರ ಆಗಸ್ಟ್‌ನಲ್ಲಿ ಶಿಕ್ಷೆಯೂ ಆಯಿತು. ಆದರೆ ಹರಡಿದ ದೃಶ್ಯವನ್ನು ಹಿಂದಕ್ಕೆ ಕರೆಯುವ ಶಕ್ತಿ ಯಾವ ತೀರ್ಪಿಗೂ ಇಲ್ಲ. ಅದನ್ನು ನೋಡಿದವರೆಲ್ಲ ತಂತಮ್ಮ ಏಕಾಂತದಲ್ಲಿಯೇ ನೋಡಿದರೆಂಬುದು ಇಲ್ಲಿ ಗಮನಾರ್ಹ.

ಮೇಲಿನ ವಿವೇಚನೆಯಿಂದ ಒಂದು ಸಂಗತಿ ವಿದಿತವಾಗುತ್ತದೆ. ಟೆಂಟಿನ ಕಾಲದಿಂದ ಮೊಬೈಲಿನವರೆಗೆ ಈ ವ್ಯಾಪಾರದಲ್ಲಿ ಮಾರಾಟವಾದ ನಿಜವಾದ ಸರಕು ಏಕಾಂತ. ಅದು ದುಬಾರಿಯಾಗಿದ್ದಷ್ಟು ದಿನ ಊರಿನ ಅಂಗಡಿಗೆ ಲಾಭವಿತ್ತು. ಅಗ್ಗವಾದ ಕೂಡಲೆ ಲಾಭವು ದೂರದವರಿಗೆ ಸಂದಿತು. ಅಗ್ಗವಾದುದು ನೋಡುವವನ ಏಕಾಂತ ಮಾತ್ರ. ನೋಡಲ್ಪಡುವವರ ಏಕಾಂತಕ್ಕೆ ತೆರಬೇಕಾದ ಬೆಲೆ ಏರುತ್ತಲೇ ಬಂದಿದೆ. ಈ ಉದ್ಯಮದ ಭವಿಷ್ಯವನ್ನು ಅಳೆಯಲು ಹೊರಡುವ ಅರ್ಥಶಾಸ್ತ್ರದ ವಿದ್ಯಾರ್ಥಿಯು ಈ ಎರಡನೆಯ ಬೆಲೆಯನ್ನೂ ತನ್ನ ಲೆಕ್ಕಕ್ಕೆ ಸೇರಿಸತಕ್ಕದ್ದು.