ನಿಪ್ಪಾಣಿಯ ಪರಿಷತ್ತೂ ಮೂರು ಶಾಸ್ತ್ರಗಳೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ—ಈ ಹೆಸರುಗಳನ್ನು ಕೇಳಿದೊಡನೆ ನಗರವಾಸಿಗಳಾದ ನಮ್ಮ ನೆನಪಿಗೆ ಬರುವುದು ಸಂತೆಯ ಸರಕು. ನಿಪ್ಪಾಣಿಯೆಂದರೆ ತಂಬಾಕು, ಅಥಣಿಯೆಂದರೆ ಚರ್ಮದ ಚಪ್ಪಲಿ, ಕಾಗವಾಡದ ಕಡೆಗೆ ಹೋದರೆ ಉಗಾರದ ಸಕ್ಕರೆ. ವಿಶ್ವವಿದ್ಯಾನಿಲಯದಲ್ಲಿ ಯಾವ ಯಾವ ವಿಷಯಗಳನ್ನು ಕೂಡಿಸಿ ಓದಬೇಕೆಂಬ ಪ್ರಶ್ನೆಗೂ ಬೆಳಗಾವಿ ಜಿಲ್ಲೆಯ ಈ ಉತ್ತರ ಭಾಗಕ್ಕೂ ಏನು ಸಂಬಂಧವೆಂದು ಶ್ರೋತೃಗಳು ಕೇಳಬಹುದು. ಸಂಬಂಧವುಂಟು. ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ಒಟ್ಟಿಗೆ ಓದಿದವನ ಕೈಯಲ್ಲಿ ಆ ವಿದ್ಯೆ ಏನಾಗಬಲ್ಲದೆಂಬುದನ್ನು ೧೯೨೫ರ ಬೇಸಗೆಯಲ್ಲಿ ನಿಪ್ಪಾಣಿ ಕಂಡಿತು. ಆ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದಲೇ ನೋಡುವುದು ಒಳ್ಳೆಯದು.

ಯಾವುದು ನ್ಯಾಯ ಎಂದು ಕೇಳುವುದು ತತ್ತ್ವಶಾಸ್ತ್ರ. ಅಧಿಕಾರವು ಯಾರ ಕೈಯಲ್ಲಿರಬೇಕು, ಯಾವ ಕಟ್ಟಿಗೆ ಒಳಪಟ್ಟಿರಬೇಕು ಎಂದು ಕೇಳುವುದು ರಾಜ್ಯಶಾಸ್ತ್ರ. ಸಂಪತ್ತು ಹೇಗೆ ಹುಟ್ಟುತ್ತದೆ, ಯಾರ ಪಾಲಿಗೆ ಎಷ್ಟು ಬರುತ್ತದೆ ಎಂದು ಕೇಳುವುದು ಅರ್ಥಶಾಸ್ತ್ರ. ಈ ಮೂರನ್ನು ಒಂದೇ ಪದವಿಗೆ ಕೂಡಿಸಿದ ಕೀರ್ತಿಯನ್ನು ಸಾಮಾನ್ಯವಾಗಿ ಆಕ್ಸ್‌ಫರ್ಡಿಗೆ ಕೊಡುತ್ತಾರೆ. ಆದರೆ ಈ ಚರ್ಚೆಯ ಬಹು ಪುರಾತನವಾದ ದಾಖಲೆಯೊಂದು ದೊರೆತದ್ದು ಮೈಸೂರಿನಲ್ಲಿ. ೧೯೦೫ರಲ್ಲಿ ಇಲ್ಲಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿ ಬಂದಿತು. ೧೯೦೯ರಲ್ಲಿ ಅವರು ಮೂಲವನ್ನೂ ೧೯೧೫ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಆ ಗ್ರಂಥದ ಆರಂಭದಲ್ಲಿಯೇ ವಿದ್ಯೆಗಳೆಷ್ಟು ಎಂಬ ವಾದವಿದೆ. ಔಶನಸರು ದಂಡನೀತಿಯೊಂದೇ ಸಾಕೆಂದರು. ಬಾರ್ಹಸ್ಪತ್ಯರು ಅದಕ್ಕೆ ವಾರ್ತೆಯನ್ನು, ಎಂದರೆ ಕೃಷಿ ಪಶುಪಾಲನೆ ವಾಣಿಜ್ಯಗಳನ್ನು ಸೇರಿಸಿದರು. ಮಾನವರು ವೇದತ್ರಯವನ್ನೂ ಕೂಡಿಸಿ ಮೂರೆಂದರು. ಕೌಟಿಲ್ಯನು ಇವಕ್ಕೆ ಆನ್ವೀಕ್ಷಿಕಿಯನ್ನು, ಎಂದರೆ ಯುಕ್ತಿಯಿಂದ ಪರೀಕ್ಷಿಸುವ ತತ್ತ್ವವಿದ್ಯೆಯನ್ನು, ನಾಲ್ಕನೆಯದಾಗಿ ಬೇರೆ ನಿಲ್ಲಿಸಿದನು. ಉಳಿದ ವಿದ್ಯೆಗಳ ಬಲಾಬಲವನ್ನು ತೂಗಿ ನೋಡುವ ಕೆಲಸ ಅದರದೆಂದು ಆತನ ಮತ. ರಾಜ್ಯವನ್ನೂ ಹಣವನ್ನೂ ಬಲ್ಲವನಿಗೆ ಪರೀಕ್ಷಕವಾದ ಬುದ್ಧಿಯೊಂದು ಬೇರೆ ಬೇಕೆಂದು ಆತನು ಕಂಡಿದ್ದನು.

ಯೂರೋಪಿನಲ್ಲಿಯೂ ಈ ವಿದ್ಯೆಗಳು ಮೊದಲು ಒಂದೇ ಮನೆಯವು. ೧೭೭೬ರಲ್ಲಿ ರಾಷ್ಟ್ರಗಳ ಸಂಪತ್ತನ್ನು ಕುರಿತು ಬರೆದ ಆಡಮ್ ಸ್ಮಿತ್ತನು ಗ್ಲಾಸ್ಗೋದಲ್ಲಿ ನೀತಿಶಾಸ್ತ್ರದ ಅಧ್ಯಾಪಕನಾಗಿದ್ದವನು. ಬಳಿಕ ಮನೆ ಪಾಲಾಯಿತು. ೧೯೦೩ರಲ್ಲಿ ಕೇಂಬ್ರಿಜ್ಜಿನಲ್ಲಿ ಮಾರ್ಷಲ್ಲನ ಪ್ರಯತ್ನದಿಂದ ಅರ್ಥಶಾಸ್ತ್ರಕ್ಕೆ ಪ್ರತ್ಯೇಕ ಪರೀಕ್ಷೆಯೇ ಏರ್ಪಟ್ಟಿತು. ಪಾಲಾದದ್ದನ್ನು ಮತ್ತೆ ಕೂಡಿಸುವ ಯತ್ನ ಆಕ್ಸ್‌ಫರ್ಡಿನದು. ಗ್ರೀಕ್ ಲ್ಯಾಟಿನ್ ಗ್ರಂಥಗಳನ್ನು ಆಧಾರವಾಗಿಟ್ಟುಕೊಂಡ ಹಳೆಯ ವ್ಯಾಸಂಗಕ್ಕೆ ಜೊತೆಯಾಗಿ, ಮಹಾಯುದ್ಧದ ಅನಂತರ ೧೯೨೦ರಲ್ಲಿ, ಈ ಮೂರು ಶಾಸ್ತ್ರಗಳ ಹೊಸ ಪದವಿ ಅಲ್ಲಿ ಆರಂಭವಾಯಿತು. ಆಳುವವರನ್ನು ತಯಾರುಮಾಡುವುದೇ ಅದರ ಮುಖ್ಯ ಫಲವಾಯಿತು. ಇಂಗ್ಲೆಂಡಿನ ಎಷ್ಟೋ ಮಂತ್ರಿಗಳು ಆ ಬಾಗಿಲಿನಿಂದಲೇ ಬಂದವರು.

ಇಷ್ಟರಲ್ಲಿ ಅಳಿಸಿಕೊಳ್ಳುವವರ ಕಡೆಯಿಂದ ಒಬ್ಬರು ಇವೇ ಶಾಸ್ತ್ರಗಳನ್ನು ಬೇರೆ ದಾರಿಯಲ್ಲಿ ಸಂಪಾದಿಸುತ್ತಿದ್ದರು. ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನದಿಂದ ೧೯೧೩ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದ ಭೀಮರಾವ್ ಅಂಬೇಡ್ಕರರು ಅಲ್ಲಿ ಓದಿದ ಪಾಠಕ್ರಮಗಳ ಲೆಕ್ಕ ಉಳಿದಿದೆ: ಅರ್ಥಶಾಸ್ತ್ರದಲ್ಲಿ ೨೯, ಚರಿತ್ರೆಯಲ್ಲಿ ೧೧, ಸಮಾಜಶಾಸ್ತ್ರದಲ್ಲಿ ೬, ತತ್ತ್ವಶಾಸ್ತ್ರದಲ್ಲಿ ೫, ಮಾನವಶಾಸ್ತ್ರದಲ್ಲಿ ೪, ರಾಜ್ಯಶಾಸ್ತ್ರದಲ್ಲಿ ೩. ಸೆಲಿಗ್ಮನ್ನರಲ್ಲಿ ರಾಜಸ್ವದ ವಿಚಾರವನ್ನೂ ಜಾನ್ ಡ್ಯೂಯಿಯವರಲ್ಲಿ ತತ್ತ್ವವಿಚಾರವನ್ನೂ ಅವರು ಕೇಳಿದರು. ೧೯೧೬ರಲ್ಲಿ ಲಂಡನ್ನಿಗೆ ಹೋಗಿ, ವೇತನದ ಅವಧಿ ಮುಗಿದುದರಿಂದ ಮರು ವರ್ಷ ಹಿಂದಿರುಗಿ, ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅಧ್ಯಾಪಕರಾಗಿ, ೧೯೨೦ರಲ್ಲಿ ಮತ್ತೆ ಲಂಡನ್ನಿಗೆ ತೆರಳಿ ಅರ್ಥಶಾಸ್ತ್ರವನ್ನೂ ನ್ಯಾಯಶಾಸ್ತ್ರವನ್ನೂ ಮುಗಿಸಿ ಬಂದರು. ಆಕ್ಸ್‌ಫರ್ಡಿನಲ್ಲಿ ಹೊಸ ಪದವಿ ಹುಟ್ಟಿದ ವರ್ಷವೇ ಅದು ಎಂಬುದು ಆಕಸ್ಮಿಕವಾದರೂ ಗಮನಿಸತಕ್ಕುದು.

ಹೀಗೆ ಓದಿ ಬಂದವರು ನಿಪ್ಪಾಣಿಗೆ ಬಂದಾಗ ಆ ಪ್ರಾಂತದ ಸ್ಥಿತಿ ಹೇಗಿತ್ತು? ಚಿಕ್ಕೋಡಿ ಅಥಣಿಗಳು ಮುಂಬಯಿ ಇಲಾಖೆಗೆ ಸೇರಿದ್ದವು. ನಿಪ್ಪಾಣಿಯು ಆಗ ಚಿಕ್ಕೋಡಿ ತಾಲ್ಲೂಕಿನೊಳಗಿತ್ತು. ರಾಯಬಾಗವಾದರೋ ಕೊಲ್ಲಾಪುರ ಸಂಸ್ಥಾನದ ಸೀಮೆ. ಅಲ್ಲಿ ಶಾಹು ಮಹಾರಾಜರು ೧೯೦೨ರಲ್ಲಿ ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದವರಿಗೆ ಮೀಸಲಿಟ್ಟಿದ್ದರು. ೧೯೧೭ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದ್ದರು. ಅದೇ ಸಂಸ್ಥಾನದ ಮಾಣಗಾಂವದಲ್ಲಿ ೧೯೨೦ರ ಮಾರ್ಚಿಯಲ್ಲಿ ನಡೆದ ಅಸ್ಪೃಶ್ಯರ ಪರಿಷತ್ತಿಗೆ ಅಂಬೇಡ್ಕರರು ಅಧ್ಯಕ್ಷರಾಗಿದ್ದರು. ಮಹಾರಾಜರೇ ಅಲ್ಲಿಗೆ ಬಂದು ಅವರನ್ನು ಆ ಜನರ ನಾಯಕರೆಂದು ಹೊಗಳಿದರು. ಗಡಿಯ ಈಚೆ ಒಂದು ಕಟ್ಟಳೆ, ಆಚೆ ಇನ್ನೊಂದು. ರಾಜ್ಯದ ಆಜ್ಞೆಯೊಂದರಿಂದ ಬಡವನ ಬಾಳು ಎಷ್ಟು ಬದಲಾಗಬಹುದೆಂಬುದನ್ನು ಆ ಸೀಮೆಯ ಜನ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಈಗ ಮುಖ್ಯವಾದ ಘಟನೆಗೆ ಬರೋಣ. ೧೯೨೪ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಮಹಾಧಿವೇಶನ ನಡೆಯಿತು. ಗಾಂಧೀಜಿಯವರು ಅಧ್ಯಕ್ಷರಾದ ಕಾಂಗ್ರೆಸ್ ಅದೊಂದೇ. ಸದಸ್ಯರಾಗುವವರು ತಿಂಗಳಿಗೆ ೨,೦೦೦ ಗಜ ಕೈನೂಲನ್ನು ಒಪ್ಪಿಸಬೇಕೆಂಬ ನಿಯಮ ಅಲ್ಲಿ ಅಂಗೀಕೃತವಾಯಿತು. ನಾಲ್ಕು ತಿಂಗಳು ಕಳೆದ ಮೇಲೆ, ೧೯೨೫ರ ಏಪ್ರಿಲಿನಲ್ಲಿ, ಅದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಮುಂಬಯಿ ಇಲಾಖೆಯ ಬಹಿಷ್ಕೃತರ ಪ್ರಾಂತಿಕ ಪರಿಷತ್ತಿನ ಮೂರನೆಯ ಅಧಿವೇಶನ ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಸೇರಿತು. ತಿರುವಾಂಕೂರಿನಲ್ಲಿ ವೈಕಂ ಸತ್ಯಾಗ್ರಹ ನಡೆಯುತ್ತಿದ್ದ ಕಾಲ. ಸಾಮಾಜಿಕ ಅನ್ಯಾಯವನ್ನು ತೊಡೆಯಬೇಕೆಂದು ರಾಜಕೀಯದ ವೇದಿಕೆಯಿಂದ ಹೇಳಿದ ಗಾಂಧೀಜಿಯವರ ಸಹಾನುಭೂತಿ ಅಲ್ಪವಲ್ಲವೆಂದು ಅಂಬೇಡ್ಕರರು ಒಪ್ಪಿದರು. ಒಪ್ಪಿ, ಒಂದು ಕೊರತೆಯನ್ನೂ ಎತ್ತಿ ತೋರಿಸಿದರು: ಖಾದಿಗೂ ಹಿಂದೂ ಮುಸಲ್ಮಾನರ ಐಕ್ಯಕ್ಕೂ ಮಹಾತ್ಮರು ಕೊಟ್ಟಷ್ಟು ಒತ್ತನ್ನು ಅಸ್ಪೃಶ್ಯತೆಯ ನಿವಾರಣೆಗೆ ಕೊಟ್ಟಿಲ್ಲ, ಕೊಟ್ಟಿದ್ದರೆ ಕಾಂಗ್ರೆಸ್ಸಿನಲ್ಲಿ ಮತ ಕೊಡುವ ಅರ್ಹತೆಗೆ ಅದನ್ನೇ ಷರತ್ತಾಗಿ ಮಾಡುತ್ತಿದ್ದರು.

ಈ ಮಾತಿನ ಕಟ್ಟನ್ನು ವಿಚಾರಿಸಿ ನೋಡಬೇಕು. ನೂಲು ಅರ್ಥಶಾಸ್ತ್ರದ ವಸ್ತು; ಸದಸ್ಯತ್ವ ರಾಜಕೀಯದ ಹಕ್ಕು; ಮನುಷ್ಯನನ್ನು ಮನುಷ್ಯನೆಂದು ಮುಟ್ಟುವುದು ಧರ್ಮಾಧರ್ಮದ ಪ್ರಶ್ನೆ. ಆರ್ಥಿಕವಾದ ವ್ರತವೊಂದನ್ನು ರಾಜಕೀಯ ಹಕ್ಕಿಗೆ ಷರತ್ತಾಗಿ ಇಡಬಹುದಾದರೆ, ಅದಕ್ಕಿಂತ ಮೂಲಭೂತವಾದ ನೈತಿಕ ಕರ್ತವ್ಯವನ್ನೇಕೆ ಇಡಬಾರದು? ಒಂದೇ ಶಾಸ್ತ್ರವನ್ನು ಓದಿದವನಿಗೆ ಈ ಪ್ರಶ್ನೆ ಹೊಳೆಯುವುದು ಕಷ್ಟ. ಹೊಳೆದರೂ ಅದನ್ನು ಇಷ್ಟು ಸೌಮ್ಯವಾಗಿ, ಇಷ್ಟು ಬಿಗಿಯಾಗಿ ಹೇಳುವುದು ಇನ್ನೂ ಕಷ್ಟ.

ಆ ಸೀಮೆಯ ಹಳ್ಳಿಗಳಲ್ಲಿ ಮೂರು ಶಾಸ್ತ್ರಗಳನ್ನೂ ಕೂಡಿಯೇ ಓದಬೇಕಾಗಿದ್ದ ಇನ್ನೊಂದು ವಿಷಯವೆಂದರೆ ವತನ. ೧೮೭೪ರ ಮುಂಬಯಿಯ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಯ ಪ್ರಕಾರ ಮಹಾರರೇ ಮೊದಲಾದವರು ಹಳ್ಳಿಯ ಕೆಳದರ್ಜೆಯ ವತನದಾರರಾಗಿದ್ದರು. ತುಂಡು ಇನಾಮು ಭೂಮಿ, ಸುಗ್ಗಿಯಲ್ಲಿ ರೈತರು ಕೊಡುವ ಬಲೂತದ ಕಾಳು—ಇಷ್ಟಕ್ಕೆ ಹಗಲಿರುಳೆನ್ನದೆ ಸರ್ಕಾರದ ಚಾಕರಿ. ವತನದಾರನು ಊರಲ್ಲಿಲ್ಲದಿದ್ದರೆ ಮನೆಯವರು ಹೋಗಬೇಕು. ಸಂಬಳ ಕೊಡಬೇಕಾದುದು ಸರ್ಕಾರ, ಕೊಡುತ್ತಿದ್ದವನು ರೈತ. ರೈತನಿಗೆ ಮನಸ್ಸಿಲ್ಲದ ವರ್ಷ ಕಾಳಿಲ್ಲ. ಇದು ಕೂಲಿಯ ಪ್ರಶ್ನೆಯೇ, ಕಾನೂನಿನ ಪ್ರಶ್ನೆಯೇ, ಮಾನದ ಪ್ರಶ್ನೆಯೇ? ಅರ್ಥಶಾಸ್ತ್ರಜ್ಞನು ಕೂಲಿಯನ್ನು ಹೆಚ್ಚಿಸೆಂದಾನು. ಆಗ ಚಾಕರಿಯ ಸಂಕೋಲೆ ಹಾಗೆಯೇ ಉಳಿಯುತ್ತದೆ. ವಕೀಲನು ಕಾಯಿದೆಯನ್ನು ರದ್ದುಮಾಡೆಂದಾನು. ಆಗ ಕೈಯಲ್ಲಿದ್ದ ತುಂಡು ನೆಲವೂ ಹೋಗುತ್ತದೆ. ನೀತಿವಂತನು ಮರುಗಿ ಸುಮ್ಮನಾದಾನು. ಮುಂಬಯಿಯ ಶಾಸನಸಭೆಯಲ್ಲಿ ೧೯೨೮ರಲ್ಲಿ ಅಂಬೇಡ್ಕರರು ತಂದ ಮಸೂದೆ ಮೂರು ಎಳೆಗಳನ್ನೂ ಒಟ್ಟಿಗೆ ಹಿಡಿಯಿತು: ಬಯಸಿದವರಿಗೆ ಚಾಕರಿಯಿಂದ ಬಿಡುಗಡೆ, ಪೂರ್ಣ ಕಂದಾಯ ತೆತ್ತು ಅದೇ ಭೂಮಿಯ ಮೇಲೆ ಹಕ್ಕು, ಬಲೂತಕ್ಕೆ ಬದಲಾಗಿ ಹಣದ ರೂಪದ ತೆರಿಗೆ. ಅದು ಆಗ ಕಾಯಿದೆಯಾಗಲಿಲ್ಲ. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯ ಗ್ರಾಮಹುದ್ದೆಗಳ ರದ್ದಿಗಾಗಿ ಕಾಯಿದೆಯಾಗಲು ೧೯೬೧ ಬರಬೇಕಾಯಿತು.

ಹಲವನ್ನು ಓದುವವನು ಯಾವುದರಲ್ಲಿಯೂ ಆಳಕ್ಕೆ ಇಳಿಯನೆಂಬ ಆಕ್ಷೇಪಣೆಯುಂಟು. ಅದು ಹುರುಳಿಲ್ಲದ ಆಕ್ಷೇಪಣೆಯೇನಲ್ಲ; ಮೂರು ಶಾಸ್ತ್ರಗಳ ಮೇಲುಮೇಲಿನ ಮಾತುಗಳನ್ನು ಆಯ್ದು ವಾಕ್ಚತುರರಾಗಿ ಹೊರಬಿದ್ದವರು ಇಂಗ್ಲೆಂಡಿನಲ್ಲಿಯೂ ಕಡಮೆಯಿಲ್ಲ. ಆದರೆ ನಾವು ಹೇಳುತ್ತಿರುವ ವಿದ್ವಾಂಸರ ೧೯೨೫ನೆಯ ವರ್ಷವನ್ನೇ ನೋಡಿ. ಏಪ್ರಿಲಿನಲ್ಲಿ ನಿಪ್ಪಾಣಿಯ ಪರಿಷತ್ತು. ಅದೇ ವರ್ಷ ಲಂಡನ್ನಿನಲ್ಲಿ, ಬ್ರಿಟಿಷ್ ಇಂಡಿಯಾದ ಪ್ರಾಂತೀಯ ರಾಜಸ್ವದ ವಿಕಾಸವನ್ನು ಕುರಿತ ಅವರ ಗ್ರಂಥದ ಪ್ರಕಟಣೆ. ಡಿಸೆಂಬರಿನಲ್ಲಿ ಹಿಂದೂಸ್ಥಾನದ ನಾಣ್ಯ ವ್ಯವಸ್ಥೆಯನ್ನು ವಿಚಾರಿಸಲು ಬಂದ ರಾಜಕೀಯ ಆಯೋಗದ ಮುಂದೆ ಸಾಕ್ಷ್ಯ. ರೂಪಾಯಿಯ ಸಮಸ್ಯೆಯನ್ನು ಕುರಿತ ತಮ್ಮ ಪುಸ್ತಕದಲ್ಲಿ ಅವರು ಕೇನ್ಸನಂಥ ಪಂಡಿತನ ಮತವನ್ನೇ ಎದುರಿಸಿದ್ದರು. ಒಂದರಲ್ಲಿ ಆಳವಾಗಿ ಇಳಿದು, ಉಳಿದೆರಡರ ದೀಪವನ್ನು ಕೈಯಲ್ಲಿ ಹಿಡಿದಿರುವುದು ಸಾಧ್ಯ ಎಂಬುದಕ್ಕೆ ಇಷ್ಟು ಸಾಕು.

ನಿಪ್ಪಾಣಿಯ ಚರಿತ್ರೆ ಮುಂದೆಯೂ ಇದೇ ಪಾಠವನ್ನು ಹೇಳಿತು. ೧೯೪೩ರಲ್ಲಿ ತಂಬಾಕಿನ ಮೇಲೆ ಕೇಂದ್ರ ಸರ್ಕಾರದ ಸುಂಕ ಬಿದ್ದಿತು. ೧೯೮೧ರ ಮಾರ್ಚಿಯಲ್ಲಿ ಬೆಲೆ ಸಾಲದೆಂದು ರೈತರು ಶರದ್ ಜೋಶಿಯವರ ಮುಂದಾಳುತನದಲ್ಲಿ ಪುಣೆ ಬೆಂಗಳೂರು ಹೆದ್ದಾರಿಯಲ್ಲಿಯೇ ವಾರಗಟ್ಟಲೆ ಕುಳಿತರು. ಏಪ್ರಿಲಿನಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಅದೇ ದಶಕದಲ್ಲಿ, ತಂಬಾಕಿನ ವಖಾರಗಳ ಧೂಳಿನಲ್ಲಿ ದುಡಿಯುತ್ತಿದ್ದ ಹೆಂಗಸರೂ ಬೀಡಿ ಕಟ್ಟುವ ಹೆಂಗಸರೂ ಸಂಘ ಕಟ್ಟಿಕೊಂಡು ಕೂಲಿ ಕೇಳಿದರು. ರೈತನ ಬೆಲೆ, ವರ್ತಕನ ಲಾಭ, ಹೆಂಗಸಿನ ಕೂಲಿ, ಸರ್ಕಾರದ ಸುಂಕ—ಇವುಗಳಲ್ಲಿ ಯಾವುದು ಏರಿದರೆ ಯಾವುದು ಇಳಿಯುತ್ತದೆಂದು ಅರ್ಥಶಾಸ್ತ್ರ ಹೇಳೀತು. ಏರಿಸುವ ಬಲ ಯಾರಿಗೆ ಉಂಟೆಂದು ರಾಜ್ಯಶಾಸ್ತ್ರ ಹೇಳೀತು. ಸೇದುವವನ ಎದೆಯನ್ನು ಕೆಡಿಸುವ ಬೆಳೆಗೆ ನ್ಯಾಯವಾದ ಬೆಲೆಯೆಂದರೇನು, ಅದನ್ನೇ ನಂಬಿದ ಮನೆಗಳಿಗೆ ಸಮಾಜದ ಹೊಣೆಯೇನು ಎಂಬುದು ಇವೆರಡರಿಂದಲೂ ತೀರದ ಪ್ರಶ್ನೆ.

೧೯೪೯ರ ನವೆಂಬರ್ ೨೫ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಕೊಟ್ಟ ಎಚ್ಚರಿಕೆ ಸುಪ್ರಸಿದ್ಧವಾದುದು: ರಾಜಕೀಯದಲ್ಲಿ ನಮಗೆ ಸಮತೆ ಬರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬಾಳಿನಲ್ಲಿ ಅಸಮತೆ ಉಳಿಯುತ್ತದೆ, ಈ ವಿರೋಧವನ್ನು ಬೇಗ ಪರಿಹರಿಸದಿದ್ದರೆ ಕಟ್ಟಿದ ಪ್ರಜಾಪ್ರಭುತ್ವವೇ ಕುಸಿದೀತು ಎಂಬುದು ಅದರ ತಾತ್ಪರ್ಯ. ನಿಪ್ಪಾಣಿಯಲ್ಲಿ ಒಂದು ಪಕ್ಷದ ಸದಸ್ಯತ್ವದ ನಿಯಮವನ್ನು ಕುರಿತು ಕೇಳಿದ್ದ ಪ್ರಶ್ನೆಯೇ ಇಲ್ಲಿ ಇಡೀ ರಾಷ್ಟ್ರಕ್ಕೆ ಹರಡಿತು.

ಇನ್ನು ಇಂದಿನ ಮಾತು. ಈ ಸೀಮೆಯ ಮಕ್ಕಳು ಕಾಲೇಜಿಗಾಗಿ ಪುಣೆ, ಕೊಲ್ಲಾಪುರ, ಧಾರವಾಡಗಳಿಗೇ ಹೋಗಬೇಕಾಗಿದ್ದ ಕಾಲ ಕಳೆಯಿತು. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳಲ್ಲಿ ಕಾಲೇಜುಗಳಿವೆ. ೨೦೧೦ರಿಂದ ಬೆಳಗಾವಿಯಲ್ಲಿ ರಾಣಿ ಚೆನ್ನಮ್ಮನ ಹೆಸರಿನ ವಿಶ್ವವಿದ್ಯಾನಿಲಯವಿದೆ. ನಿಪ್ಪಾಣಿಯ ಅಂಚಿನಲ್ಲಿರುವ ದೇವಚಂದ ಕಾಲೇಜು ಗಡಿಯ ಆಚೆ, ಕಾಗಲ್ ತಾಲ್ಲೂಕಿನ ನೆಲದಲ್ಲಿ ನಿಂತು ಎರಡು ರಾಜ್ಯಗಳ ಮಕ್ಕಳಿಗೂ ಪಾಠ ಹೇಳುತ್ತದೆ. ನಮ್ಮ ಬಿ.ಎ. ತರಗತಿಗಳಲ್ಲಿ ಮೂರು ವಿಷಯಗಳನ್ನು ಕೂಡಿಸಿ ಓದುವ ಪದ್ಧತಿಯೂ ಹಳೆಯದೇ. ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಕೂಟವನ್ನು ಬಲ್ಲದ ಮನೆಯಿಲ್ಲ. ಅಪರೂಪವಾಗಿರುವುದು ತತ್ತ್ವಶಾಸ್ತ್ರ. ಮೂರನ್ನೂ ಹೆಸರಿಟ್ಟು ಕಲಿಸುವ ಪದವಿ ದೇಶದ ಕೆಲವು ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಬಂದಿದೆ. ಆದರೆ ಅವುಗಳ ಶುಲ್ಕ ತಂಬಾಕಿನ ರೈತನ ಕೈಗೆ ಎಟುಕುವಂಥದಲ್ಲ.

ಆದುದರಿಂದ ನಾವು ಕೇಳುವುದು ಹೊಸ ಪದವಿಯನ್ನಲ್ಲ. ತಾಲ್ಲೂಕಿನ ಕಾಲೇಜಿನಲ್ಲಿ ಈಗಾಗಲೇ ಇರುವ ಎರಡು ಶಾಸ್ತ್ರಗಳ ಪಕ್ಕದಲ್ಲಿ, ಯಾವುದು ನ್ಯಾಯವೆಂದು ಕೇಳುವ ಮೂರನೆಯದಕ್ಕೆ ಒಂದು ಪೀಠ, ಒಬ್ಬ ಅಧ್ಯಾಪಕ, ವಾರಕ್ಕೆ ನಾಲ್ಕು ಗಂಟೆ ಸಿಕ್ಕಬೇಕು. ಪಾಠಕ್ಕೆ ಉದಾಹರಣೆಗಳನ್ನು ಆಕ್ಸ್‌ಫರ್ಡಿನಿಂದ ತರಿಸಬೇಕಾಗಿಲ್ಲ. ವತನದ ಕಾಗದಗಳು, ವಖಾರದ ಕೂಲಿಯ ಲೆಕ್ಕ, ೧೯೨೫ರ ಆ ಅಧ್ಯಕ್ಷ ಭಾಷಣ—ಇವಿಷ್ಟನ್ನು ಹುಡುಗರ ಹುಡುಗಿಯರ ಮುಂದಿಟ್ಟರೆ ಮೊದಲನೆಯ ವರ್ಷದ ಪಾಠಕ್ಕೆ ಬೇಕಾದಷ್ಟಾಯಿತು.