ಅರ್ಧ ಬಾಟ್ಸೆನ್ ಕಾಣಿಕೆ ಮತ್ತು ಮಂಗಳೂರು ಹಂಚು

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬುದು ನಮ್ಮ ಹಿರಿಯರ ಮಾತು. ಕನ್ನಡದ ಮೊದಲ ಪತ್ರಿಕೆ, ಕಿಟ್ಟೆಲ್ ನಿಘಂಟು, ಮಂಗಳೂರು ಹಂಚು ಇವು ಮೂರೂ ಬಾಸೆಲ್ ಮಿಷನ್ನಿನ ಕೊಡುಗೆ ಎಂಬುದು ಬಹಳ ಮಂದಿಗೆ ಗೊತ್ತು. ಆದರೆ ಆ ಮಿಷನ್ನಿಗೆ ಹಣ ಎಲ್ಲಿಂದ ಬರುತ್ತಿತ್ತು? ಕಡಲಾಚೆಯಿಂದ ಬಂದ ಪಾದ್ರಿಗಳ ಹಡಗಿನ ಖರ್ಚು, ಊಟ, ಮನೆ, ಶಾಲೆ, ಅಚ್ಚುಕೂಟ ಇವನ್ನೆಲ್ಲ ನಡೆಸಿದವರು ಯಾರು?

ಧರ್ಮಪ್ರಚಾರಕ್ಕೆ ಹೊರಡುವವರು ಮೊದಲು ಹಣ ಕೂಡಿಸಬೇಕಾಗಿ ಬಂದದ್ದು ಹೊಸ ಸಂಗತಿಯಲ್ಲ. 1792ರಲ್ಲಿ ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನ ಒಂದು ಮನೆಯಲ್ಲಿ ಕೆಲವರು ಸೇರಿ ಬ್ಯಾಪ್ಟಿಸ್ಟ್ ಮಿಷನ್ ಸ್ಥಾಪಿಸಿದರು. ಅಂದು ಅವರು ವಾಗ್ದಾನ ಮಾಡಿದ ಮೊತ್ತ 13 ಪೌಂಡು, 2 ಷಿಲ್ಲಿಂಗು, 6 ಪೆನ್ಸು. ಅದನ್ನು ಒಂದು ನಶ್ಯದ ಡಬ್ಬಿಯಲ್ಲಿ ಕೂಡಿಸಿದರೆಂಬುದು ಪ್ರಸಿದ್ಧವಾದ ಕಥೆ. ಆ ಸಂಸ್ಥೆ ಕಳುಹಿಸಿದ ವಿಲಿಯಂ ಕೇರಿ ಮುಂದೆ ಬಂಗಾಳದ ಶ್ರೀರಾಮಪುರದಲ್ಲಿ ನೆಲೆಸಿದ. 1817ರಲ್ಲಿ ಆತನ ಕನ್ನಡ ವ್ಯಾಕರಣ ಅಲ್ಲಿ ಅಚ್ಚಾಯಿತು. ನಶ್ಯದ ಡಬ್ಬಿಗೂ ಕನ್ನಡಕ್ಕೂ ಹೀಗೊಂದು ನಂಟು.

ಒಬ್ಬ ರಾಜಕುಮಾರ, ಒಬ್ಬ ನ್ಯಾಯಾಧೀಶ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಆರಂಭವಾದ ಮಿಷನ್ ಸಂಸ್ಥೆಗೆ ಭಾರತದ ಬಾಗಿಲು ತಡವಾಗಿ ತೆರೆಯಿತು. ಬ್ರಿಟಿಷರಲ್ಲದ ಮಿಷನರಿಗಳೂ ಇಲ್ಲಿ ಕೆಲಸ ಮಾಡಲು ಅವಕಾಶವಾದದ್ದು 1833ರ ಕಾಯಿದೆಯಿಂದ. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಭಾರತದ ಈ ಕಾರ್ಯಕ್ಕೆ ಆರಂಭದಲ್ಲಿ ನೆರವಾದದ್ದು ಜರ್ಮನಿಯ ಒಬ್ಬ ರಾಜಕುಮಾರ ಕೊಟ್ಟ ದೊಡ್ಡ ದೇಣಿಗೆ.

1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ. ಮುಂದೆ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮೊದಲಾದ ಕೃತಿಗಳನ್ನು ಒಂದು ಮಾಲೆಯಾಗಿ ಅಚ್ಚು ಹಾಕಿಸಿದ. ಆ ಮಾಲೆಗೆ ಹಣ ಕೊಟ್ಟವನು ನೀಲಗಿರಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶ. ಕ್ರೈಸ್ತ ಮಿಷನ್ನಿನ ಅಚ್ಚುಕೂಟದಿಂದ ಬಸವ ಪುರಾಣವೂ ದಾಸರ ಪದಗಳೂ ಹೊರಬಂದದ್ದು ಹೀಗೆ.

ಆದರೆ ದೊಡ್ಡವರ ದಾನವನ್ನೇ ನಂಬಿ ಕುಳಿತರೆ ಸಂಸ್ಥೆ ನಡೆಯದು. ಕೊಟ್ಟವರು ತೀರಿಕೊಂಡರೆ, ಮನಸ್ಸು ಬದಲಿಸಿದರೆ ಮುಂದೇನು?

ವಾರಕ್ಕೊಂದು ಚಿಲ್ಲರೆ ಕಾಸು

ಇದಕ್ಕೆ 1855ರಲ್ಲಿ ಒಂದು ಉಪಾಯ ಕಂಡುಹಿಡಿದವನು ಕಾರ್ಲ್ ಸಾರಾಸಿನ್ ಎಂಬ ಬಾಸೆಲ್ಲಿನ ಉದ್ಯಮಿ. ಈತನ ಕಸುಬು ರೇಷ್ಮೆ ರಿಬ್ಬನ್ ತಯಾರಿಕೆ ಎಂಬುದು ರಾಮನಗರ, ಚನ್ನಪಟ್ಟಣದ ಕಡೆಯ ಓದುಗರಿಗೆ ಕುತೂಹಲ ಹುಟ್ಟಿಸಬಹುದು. ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಫ್ರಾಂಕಿನ ಇಪ್ಪತ್ತನೆಯ ಒಂದು ಭಾಗ, ಕೊಟ್ಟರೆ ಸಾಕು ಎಂಬುದು ಅವನ ಯೋಜನೆ. ಅದು ಕೂಲಿಕಾರ, ಮನೆಗೆಲಸದ ಹೆಂಗಸು ಕೂಡ ಕೊಡಬಹುದಾದ ಮೊತ್ತ. ಸಂಗ್ರಹಕಾರರು ತಮ್ಮ ಪಾಲಿನ ಮನೆಗಳಿಗೆ ಹೋಗಿ ಕಾಸು ಎತ್ತುತ್ತಿದ್ದರು. ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಹಳ್ಳಿಗಳಿಗೂ ಹಬ್ಬಿದ ಈ ಕಾಣಿಕೆ ಮಿಷನ್ನಿನ ಪ್ರಮುಖ ಆದಾಯಗಳಲ್ಲೊಂದಾಯಿತು.

ಕೊಡುವವರಿಗೆ ಲೆಕ್ಕ ಒಪ್ಪಿಸಬೇಕಲ್ಲ? ಅದಕ್ಕಾಗಿ ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಿಂದ ಮಿಷನರಿಗಳು ತಪ್ಪದೆ ವರದಿ ಬರೆದು ಕಳುಹಿಸುತ್ತಿದ್ದರು. ಅವುಗಳಲ್ಲಿ ಆಯ್ದವು ಅಲ್ಲಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಓದುವವರ ಮನ ಕರಗಿದರೆ ತಾನೆ ಕಾಸು ಬೀಳುವುದು! ಹೀಗಾಗಿ ಈ ನಾಡಿನ ಕತ್ತಲೆ, ಬಡತನ, ಮೂಢನಂಬಿಕೆಗಳೇ ಆ ಬರಹಗಳಲ್ಲಿ ಎದ್ದು ಕಂಡವು. ಕೊಡುವ ಕೈಗೆ ತಾನು ಎಂದೂ ಕಾಣದ ಊರಿನ ಚಿತ್ರ ಸಿಕ್ಕಿತು. ಆದರೆ ಅದು ಅರ್ಧ ಚಿತ್ರ ಮಾತ್ರ.

ಹಂಚಿನ ಕಾರ್ಖಾನೆ

ಇತ್ತ ಮಂಗಳೂರಿನಲ್ಲಿ ಬೇರೊಂದು ತೊಡಕು ಎದುರಾಗಿತ್ತು. ಮತಾಂತರಗೊಂಡವರನ್ನು ಜಾತಿ ಹೊರಗಿಟ್ಟಿತು. ಗೇಣಿಯ ಭೂಮಿ ಕೈಬಿಟ್ಟಿತು. ಕ್ರೈಸ್ತರಾದ ಬಿಲ್ಲವರು ಕಳ್ಳು ಇಳಿಸುವ ಕಸುಬನ್ನೂ ಬಿಡಬೇಕಾಯಿತು. ಅವರ ಹೊಟ್ಟೆಪಾಡಿಗೆ ದಾರಿ ಕಾಣಿಸುವ ಹೊಣೆ ಮಿಷನ್ನಿನ ಮೇಲೆ ಬಿತ್ತು. ಮೊದಲು ನೇಯ್ಗೆ ಬಂದಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ. ನೇತ್ರಾವತಿ ದಂಡೆಯ ಜೇಡಿಮಣ್ಣು ಹಂಚಾಗಿ ಹಡಗೇರಿ ದೂರದ ಊರುಗಳನ್ನು ಸೇರಿತು. ಇದಕ್ಕೂ ಮೊದಲೇ, 1859ರಲ್ಲಿ, ಬಾಸೆಲ್ಲಿನಲ್ಲಿ ಒಂದು ವ್ಯಾಪಾರ ಕಂಪನಿ ಸ್ಥಾಪನೆಯಾಗಿತ್ತು. ಅದರ ಲಾಭದಲ್ಲಿ ಒಂದು ಪಾಲು ಮಿಷನ್ನಿಗೆ ಹೋಗುತ್ತಿತ್ತು.

ಸುವಾರ್ತೆ ಸಾರಲು ಬಂದವರು ವ್ಯಾಪಾರಕ್ಕಿಳಿಯುವುದು ಸರಿಯೇ ಎಂಬ ಪ್ರಶ್ನೆ ಮಿಷನ್ನಿನ ಒಳಗೇ ಎದ್ದಿತ್ತು. ಅದು ಬರಿಯ ತತ್ವದ ಪ್ರಶ್ನೆಯಾಗಿರಲಿಲ್ಲ. ಕೂಲಿ ಕೊಡುವ ಧಣಿ, ಮನೆ ಕೊಡುವ ಒಡೆಯ, ಭಾನುವಾರ ಪ್ರಸಂಗ ಮಾಡುವ ಗುರು ಮೂವರೂ ಒಂದೇ ಸಂಸ್ಥೆಯವರಾದಾಗ ಕೆಲಸಗಾರನು ತನ್ನ ದೂರನ್ನು ಯಾರ ಬಳಿ ಹೇಳಿಕೊಳ್ಳಬೇಕು? ಅನ್ನ ಸಿಕ್ಕಿತು, ಓದು ಸಿಕ್ಕಿತು, ಕಸುಬು ಸಿಕ್ಕಿತು. ಅದರ ಜೊತೆಗೇ ಅವಲಂಬನೆಯೂ ಅಂಟಿಕೊಂಡಿತು.

ಹರಿವು ನಿಂತಾಗ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಮಿಷನರಿಗಳಲ್ಲಿ ಹೆಚ್ಚಿನವರು ಜರ್ಮನರಾದ ಕಾರಣ ಬ್ರಿಟಿಷ್ ಸರ್ಕಾರಕ್ಕೆ ಅವರು ಶತ್ರುಗಳಾದರು. ಕೆಲವರನ್ನು ಬಂಧನದಲ್ಲಿಟ್ಟರು, ಬಳಿಕ ಸ್ವದೇಶಕ್ಕೆ ಕಳುಹಿಸಿದರು. ಕಾರ್ಖಾನೆಗಳು ಕೈತಪ್ಪಿ, ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಎಂಬತ್ತು ವರ್ಷಗಳಿಂದ ಕಡಲಾಚೆಯ ಕಾಸಿಗೆ ಹೊಂದಿಕೊಂಡಿದ್ದ ಸಭೆಗಳು ತಮ್ಮ ಕಾಲ ಮೇಲೆ ನಿಲ್ಲಬೇಕಾಯಿತು.

ಈ ಪಾಠವನ್ನು ಬೇರೆಯವರು ಮೊದಲೇ ಮನಗಂಡಿದ್ದರು. 1905ರ ಕ್ರಿಸ್ಮಸ್ ದಿನ ಶ್ರೀರಾಮಪುರದಲ್ಲಿ ಸ್ಥಾಪನೆಯಾದ ನ್ಯಾಷನಲ್ ಮಿಷನರಿ ಸೊಸೈಟಿ ಭಾರತದ ಜನ, ಭಾರತದ ಹಣ, ಭಾರತದ ನಾಯಕತ್ವ ಎಂಬ ನೀತಿ ಇಟ್ಟುಕೊಂಡಿತು. ಮಿಜೋರಾಮಿನ ಕ್ರೈಸ್ತ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಟ್ಟು ಚರ್ಚಿಗೆ ಕೊಡುವ ಪದ್ಧತಿ ಬೆಳೆಸಿದರು. ನಮ್ಮಲ್ಲೂ ಬೆಳೆಯ ಹಬ್ಬದಂದು ಕುಂಬಳಕಾಯಿ, ತೆಂಗಿನಕಾಯಿಗಳನ್ನು ಚರ್ಚಿನ ಅಂಗಳದಲ್ಲಿ ಹರಾಜು ಹಾಕುವುದುಂಟು. ಹೊರದೇಶದ ದೇಣಿಗೆಗೆ 1976ರಲ್ಲಿ ಕಾಯಿದೆ ಬಂದಿತು. 2010ರಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾಯಿದೆ 2020ರ ತಿದ್ದುಪಡಿಯಿಂದ ಇನ್ನಷ್ಟು ಬಿಗಿಯಾಗಿದೆ.

ಅರ್ಧ ಬಾಟ್ಸೆನ್ ಕೊಟ್ಟವರ ಹೆಸರು ಇಲ್ಲಿ ಯಾರಿಗೂ ತಿಳಿಯದು. ಅವರಿಗೆಂದು ಬರೆದ ವರದಿಗಳು, ತೆಗೆದ ಚಿತ್ರಗಳು ಬಾಸೆಲ್ಲಿನ ದಾಖಲೆ ಭಂಡಾರದಲ್ಲಿ ಈಗಲೂ ಇವೆ. ನಮ್ಮ ಊರುಗಳ ಹತ್ತೊಂಬತ್ತನೆಯ ಶತಮಾನದ ಬದುಕನ್ನು ಹುಡುಕುವವರು ಅಲ್ಲಿಗೆ ಹೋಗುತ್ತಾರೆ. ಕಾಸಿಗಾಗಿ ಬರೆದ ಕಾಗದ ಇಂದು ಚರಿತ್ರೆಯ ಆಕರವಾಗಿದೆ. ಆದರೆ ಅದನ್ನು ಓದುವಾಗ, ಅದು ಯಾರ ಕೈಯಿಂದ ಕಾಸು ಬೀಳಲೆಂದು ಬರೆದದ್ದು ಎಂಬುದನ್ನು ಮರೆಯುವಂತಿಲ್ಲ.